ಸಪ್ನಾ ಟೀಚರ್ ಆರಾಮ ಇದ್ದಾರೆ

ಸಪ್ನಾಳ ಬಗ್ಗೆ ಬರೆಯಲು ಕೂತಾಗೆಲ್ಲ ನನಗೆ ಮೊದಲು ಸಿಟ್ಟು ಬರುತ್ತದೆ. ಯಾರ ಮೇಲೆ ಅಂದರೆ ಒಬ್ಬರ ಹೆಸರು ಹೇಳಲಾರೆ. ಗೋಕಾಕದ ಆ ಕಾಲೇಜಿಗೆ ಬಂದ ಯಂತ್ರದ ಮೇಲೆ, ಅದನ್ನು ತಂದ ಹುಡುಗನ ಮೇಲೆ, ಮೂಡಲಗಿಯ ಶಾಲೆಯ ಚೇರಮನ್ನರ ಮೇಲೆ, ಸ್ವಲ್ಪ ಅವಳ ಮೇಲೂ. ಸಿಟ್ಟು ನನಗೆ ಹೊಸದಲ್ಲ. ಹುಕ್ಕೇರಿಯಲ್ಲಿ ಗಣಿತ ಕಲಿಸುತ್ತ ತಲೆ ಹಣ್ಣಾಗಿದೆ. ಈ ರಾಜೇಶ್ವರಿ ಟೀಚರ್ ಬಂದರು ಅಂದರೆ ಮಕ್ಕಳಿರಲಿ, ಹೆಡ್‌ಮಾಸ್ತರರೂ ಚಾದ ಕಪ್ಪು ಕೆಳಗಿಡುತ್ತಾರೆ. ಆದರೆ ಈ ಸಿಟ್ಟು ಬೈದರೆ ಹೋಗುವಂಥದ್ದಲ್ಲ.

ಸಪ್ನಾ ಹುಟ್ಟಿದ್ದು ನಮ್ಮ ತಾಲೂಕಿನ ದಡ್ಡಿಯಲ್ಲಿ. ಅಪ್ಪ ಸತ್ಯಪ್ಪ, ಅವ್ವ ಗುಡ್ಡವ್ವ, ಇಬ್ಬರೂ ಮಂದಿಯ ಹೊಲಕ್ಕೆ ಕೂಲಿಗೆ ಹೋಗುವವರು. ಮನೆಯ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೋ, ಅದರ ಕೆಳಗೆ ಕೂತು ಓದಿದ ಮಗಳು. ಬಿ.ಎ. ಮಾಡಿದಳು, ಹುಕ್ಕೇರಿಯಲ್ಲಿ ಟೈಪಿಂಗ್ ಮತ್ತು ಕಂಪ್ಯೂಟರಿನ ಸಣ್ಣ ಕೋರ್ಸು ಮುಗಿಸಿದಳು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಸಿದ್ರಾಮನನ್ನು ಮದುವೆಯಾಗಿ ಮೂಡಲಗಿಗೆ ಬಂದಳು. ಅಲ್ಲಿಯ ಒಂದು ಖಾಸಗಿ ಶಾಲೆಗೆ ಕಂಪ್ಯೂಟರು ಬಂದ ದಿನವೇ ಇವಳೂ ಬಂದಳು. ಧೂಳು ಕೂರಬಾರದೆಂದು ಗುಡ್ಡವ್ವ ಮಗಳ ಕಂಪ್ಯೂಟರುಗಳಿಗೆ ಹಳೇ ಸೀರೆಗಳಿಂದ ಪುಟ್ಟ ಪುಟ್ಟ ಕೌದಿ ಹೊಲಿದುಕೊಟ್ಟಿದ್ದಳು. ಕಂಪ್ಯೂಟರಿಗೆ ಕೌದಿ ಹೊದಿಸಿದ ಶಾಲೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಮಕ್ಕಳಿಗೆ ಟೈಪಿಂಗು, ಚಿತ್ರ ಬಿಡಿಸುವುದು, ಪತ್ರ ಬರೆಯುವುದು, ಇಷ್ಟು ಕಲಿಸುತ್ತಿದ್ದಳು. ಇಷ್ಟೇ ಬೇಕಾಗಿತ್ತು ಕೂಡ. ಆಮೇಲೆ ಪಕ್ಕದ ಊರಿನ ಶಾಲೆಯವರು ತಮ್ಮಲ್ಲಿ ಆರನೇ ಇಯತ್ತೆಯಿಂದ ಪ್ರೋಗ್ರಾಮಿಂಗ್ ಕಲಿಸುತ್ತೇವೆ ಎಂದು ಬೋರ್ಡು ಹಾಕಿದರು. ಮೂಡಲಗಿಯ ಚೇರಮನ್ ಯಲ್ಲಪ್ಪನವರ ನಿದ್ದೆ ಹಾರಿಹೋಯಿತು. ಜೂನಿನಿಂದ ನಮ್ಮಲ್ಲೂ ಶುರು ಎಂದರು. ಸಪ್ನಾ ಗೋಕಾಕದ ತರಬೇತಿಗೆ ಹೋಗಬೇಕು, ಕೊನೆಯ ಮಟ್ಟ ದಾಟಿದರೆ ಕಂಪ್ಯೂಟರ್ ಕೋಣೆ ಅವಳದು, ಇಲ್ಲದಿದ್ದರೆ ಬೇರೆಯವರನ್ನು ತರುತ್ತೇವೆ ಎಂದು ಎದುರಿಗೇ ಹೇಳಿದರು.

ಆ ತರಬೇತಿಗೆ ನಾನೂ ಹೋಗಿದ್ದೆ. ನನ್ನದು ಹಟ. ನಲವತ್ತೊಂಬತ್ತನೇ ವಯಸ್ಸಿಗೆ ಏನು ಕಲೀತೀರಿ ಎಂದು ನಮ್ಮ ಹೆಡ್‌ಮಾಸ್ತರರು ನಕ್ಕಿದ್ದಕ್ಕೆ ಹೋದೆ. ಶನಿವಾರ ಭಾನುವಾರ ಗೋಕಾಕದ ಒಂದು ಕಾಲೇಜಿನಲ್ಲಿ ಪಾಠ. ಮೂರು ತಾಲೂಕಿನ ಮಾಸ್ತರರು, ಟೀಚರುಗಳು. ನನ್ನ ಬಾಜೂ ಸಪ್ನಾ ಕೂತಳು.

ಇದು ಬರೀ ಪಾಠವಲ್ಲ, ಪ್ರಯೋಗ. ಹಣೆಗೊಂದು ಪಟ್ಟಿ, ಮುಂಗೈಗೊಂದು ಪಟ್ಟಿ. ಹಣೆಯ ಪಟ್ಟಿ ಮಿದುಳಿನೊಳಗಿನ ಸಣ್ಣ ವಿದ್ಯುತ್ತನ್ನು ಹಿಡಿಯುತ್ತದೆ, ಮುಂಗೈಯದು ಎದೆಬಡಿತವನ್ನೂ ಬೆವರನ್ನೂ ಅಳೆಯುತ್ತದೆ. ಕಲಿಯುವವರಿಗೆ ತಲೆ ಭಾರವಾದರೆ ಯಂತ್ರ ತಾನೇ ತಿಳಿದುಕೊಂಡು ಸಣ್ಣ ಲೆಕ್ಕ ಕೊಡುತ್ತದೆ, ಒಂದು ಸುಳಿವು ಕೊಡುತ್ತದೆ. ಹಗುರವಾಗಿದ್ದರೆ ಮುಂದಿನ ದೊಡ್ಡ ಲೆಕ್ಕಕ್ಕೆ ಒಯ್ಯುತ್ತದೆ. ಕೇಳಿದರೆ ಎಷ್ಟು ಚೆಂದ! ನನ್ನ ಸರ್ವಿಸಿನುದ್ದಕ್ಕೂ ನಾನು ಮಕ್ಕಳ ಮುಖ ನೋಡಿ ಮಾಡಿದ್ದನ್ನೇ ಇದು ತಂತಿ ಹಚ್ಚಿ ಮಾಡುತ್ತದೆ.

ಯಂತ್ರ ತಂದವನು ಗುರುಪಾದ. ಅರಭಾವಿಯ ಹುಡುಗ, ಹೊರಗೆ ಓದಿ ತಿರುಗಿ ಬಂದವನು, ತನ್ನ ಮಾತಿನ ಮೇಲೆ ಬಹಳ ಅಭಿಮಾನ. ಮೊದಲ ದಿನವೇ ನನಗೂ ಅವನಿಗೂ ಜಗಳವಾಯಿತು.

"ಅಕ್ಕಾರ, ಇಭೂತಿ ಒರಸ್ಕೋರಿ. ಪಟ್ಟಿಗೆ ಹಣಿ ಹತ್ತವಲ್ದು," ಅಂದ.

"ನಿನ್ನ ಪಟ್ಟಿ ನಾಕ ಬೆರಳ ಮ್ಯಾಲ ಕಟ್ಟಪಾ, ನಾ ಒರಸಂಗಿಲ್ಲ," ಅಂದೆ.

ಕೊನೆಗೆ ಒರೆಸಿಕೊಂಡೆ. ಪಾಠ ಮುಗಿದ ಮೇಲೆ ಮತ್ತೆ ಹಚ್ಚಿಕೊಂಡು, ಅವನ ಎದುರಿಗೇ ಹಾದುಹೋದೆ. ಸಪ್ನಾ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ಮನಸಾರೆ ನಕ್ಕಿದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಯಂತ್ರಕ್ಕೆ ಹುಟ್ಟಿದಂದಿನಿಂದ ಬುದ್ಧಿ ಇರುವುದಿಲ್ಲ, ನಾವು ಕೊಡಬೇಕು. ಒಬ್ಬೊಬ್ಬರ ಎದೆ ಒಂದೊಂದು ನಮೂನೆ ಬಡಿಯುತ್ತದೆ. ಹಾಗಾಗಿ ಮೊದಲ ಕೆಲವು ಪಾಠಗಳಲ್ಲಿ ಲೆಕ್ಕದ ನಡುನಡುವೆ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತಿತ್ತು, ಕೆಳಗೆ ಎರಡು ಗುಂಡಿ. ನಾವು ಒತ್ತಿದ ಉತ್ತರವನ್ನೂ ಆ ಹೊತ್ತಿನ ನಮ್ಮ ಮಿದುಳು, ಎದೆ, ಬೆವರನ್ನೂ ಜೋಡಿಸಿಟ್ಟುಕೊಂಡು, ಇವರು ಹೀಗಿದ್ದಾಗ ಹೀಗೆ ಎಂದು ಅದು ಕಲಿಯುತ್ತದೆ. ಕಂಪನಿಯವರು ಬರೆದ ಪ್ರಶ್ನೆ, 'ಪ್ರಸ್ತುತ ಸಮಸ್ಯೆಯು ನಿಮಗೆ ಎಷ್ಟರಮಟ್ಟಿಗೆ ಕ್ಲಿಷ್ಟವೆನಿಸಿತು?' ಅಂತ ಇತ್ತಂತೆ. ಇದೆಂಥ ಕನ್ನಡ ಎಂದು ಗುರುಪಾದ ಅದನ್ನು ತೆಗೆದುಹಾಕಿ ನಮ್ಮ ಮಾತಿನಲ್ಲಿ ಬರೆದಿದ್ದ: 'ಆರಾಮ ಅದೀರಿ?' ಗುಂಡಿಗಳು, 'ಆರಾಮ' ಮತ್ತು 'ತ್ರಾಸ'. ನಾವೆಲ್ಲ ಖುಷಿಯಾಗಿ ಚಪ್ಪಾಳೆ ತಟ್ಟಿದೆವು.

ನಾನು ಗೊಣಗುವ ಹೆಂಗಸು. ಕುರ್ಚಿ ಚುಚ್ಚಿದರೂ ತ್ರಾಸ, ಫ್ಯಾನು ತಿರುಗದಿದ್ದರೂ ತ್ರಾಸ, ಲೆಕ್ಕ ಗೊತ್ತಾಗದಿದ್ದರಂತೂ ಗುಂಡಿ ಮುರಿಯುವಷ್ಟು ಜೋರಾಗಿ ತ್ರಾಸ. ಯಂತ್ರಕ್ಕೆ ನನ್ನ ಮೇಲೆ ಕನಿಕರ ಹುಟ್ಟಿತು. ಅದು ಪ್ರಶ್ನೆ ನಿಲ್ಲಿಸಿ ತಾನೇ ತೀರ್ಮಾನ ಮಾಡತೊಡಗಿದಾಗ, ನನ್ನನ್ನು ಎಳೆಗೂಸಿನ ಹಾಗೆ ನಡೆಸಿತು. ಸ್ವಲ್ಪ ತಡವರಿಸಿದರೆ ಸುಳಿವು, ಇನ್ನೂ ತಡವರಿಸಿದರೆ ಇನ್ನೊಂದು. ಮಟ್ಟದ ಮೇಲೆ ಮಟ್ಟ ಹತ್ತಿದೆ.

ಸಪ್ನಾಳಿಗೆ ಅದು ಬೇರೆಯೇ ಮುಖ ತೋರಿಸಿತು. ಅವಳ ಕೈ ನಡುಗುವುದು ನನ್ನ ಕುರ್ಚಿಗೆ ಕಾಣುತ್ತಿತ್ತು. ಕುತ್ತಿಗೆಯ ಬೆವರು ರವಿಕೆಗೆ ಇಳಿಯುತ್ತಿತ್ತು. ಪರದೆಯ ಮೇಲೆ ಮಾತ್ರ ಹಸಿರು ಅಕ್ಷರದಲ್ಲಿ 'ನೀವು ಆರಾಮ ಇದ್ದೀರಿ. ಮುಂದಿನ ಲೆಕ್ಕ' ಎಂದು ಬರುತ್ತಿತ್ತು. ಬಿಡಿಸಲಾಗದ ಲೆಕ್ಕದ ಮೇಲೆ ಅದಕ್ಕಿಂತ ದೊಡ್ಡ ಲೆಕ್ಕ, ಅದರ ಮೇಲೆ ಇನ್ನೊಂದು. ಒಂದೂ ಬಿಡಿಸದೆ ಎಲ್ಲ ತಪ್ಪಾಗಿ, ಮಟ್ಟ ಇಳಿದು ಮತ್ತೆ ಮೊದಲಿಗೆ ಬರುತ್ತಿದ್ದಳು.

ಅವಳಿಗೆ ತಿಳಿಯುತ್ತಿರಲಿಲ್ಲ ಅಂತಲ್ಲ. ಪಾಠ ಮುಗಿದ ಮೇಲೆ ಗೋಕಾಕದ ಬಸ್ ನಿಲ್ದಾಣದಲ್ಲಿ ಅವಳು ಮೂಡಲಗಿಯ ಬಸ್ಸಿಗೆ, ನಾನು ಹುಕ್ಕೇರಿಯ ಬಸ್ಸಿಗೆ ಕಾಯುತ್ತ ಒಂದೇ ಕಟ್ಟೆಗೆ ಕೂರುತ್ತಿದ್ದೆವು. ಪಟ್ಟಿ ಇಲ್ಲ, ಪರದೆ ಇಲ್ಲ. ಅಲ್ಲಿ ನಾನು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪು ಹೇಳಿಕೊಟ್ಟೆ.

"ಪರಾತದಾಗ ಹಿಟ್ಟ ಇರೂಮಟಾ ರೊಟ್ಟಿ ಬಡಿ. ಇಷ್ಟಽ ಲೂಪು. ಆದ್ರ ಒಂದೊಂದ ರೊಟ್ಟಿಗೂ ಹಿಟ್ಟ ಕಡಿಮಿ ಆತಂತ ಅದಕ್ಕ ಹೇಳಬೇಕು. ಇಲ್ಲಂದ್ರ ಬಡಕೋತಽ ಕುಂಡ್ರತೈತಿ."

"ಹಂಗಾದ್ರ ಹಿಟ್ಟಿನ ಲೆಕ್ಕ ಲೂಪಿನ ಒಳಗ ಇಡಬೇಕಲ್ಲ ಅಕ್ಕಾ? ಹೊರಗ ಇಟ್ರ ಕಡಿಮಿನಽ ಆಗಂಗಿಲ್ಲ," ಅಂದಳು.

ಇದು ತಿಳಿದವಳ ಮಾತು. ನಮ್ಮ ತರಬೇತಿಯ ಅರ್ಧ ಮಂದಿ ಎಡವಿದ್ದೇ ಅಲ್ಲಿ. ಆದರೂ ಮರುವಾರ ಪಟ್ಟಿ ಕಟ್ಟಿಕೊಂಡು ಕೂತರೆ ಮತ್ತೆ ಅದೇ ಪಾಡು. ನೋಡನೋಡುತ್ತ ಹುಡುಗಿ ಇಳಿದುಹೋದಳು. ಊಟದ ಡಬ್ಬಿ ಬಿಚ್ಚುತ್ತಿರಲಿಲ್ಲ. ಒಂದು ದಿನ ಕಟ್ಟೆಯ ಮೇಲೆ ಕೂತು ಮೆಲ್ಲಗೆ ಹೇಳಿದಳು.

"ಅಕ್ಕಾ, ಮಂದಿ ನನಗ ದಡ್ಡಿ ಅಂದ್ರ ಸಿಟ್ಟ ಬರತಿತ್ತು. ನಮ್ಮ ಊರ ಹೆಸರು ಹಿಡದ ಕಾಡಸ್ತಿದ್ರು, 'ದಡ್ಡಿ ಊರಿನ ದಡ್ಡಿ' ಅಂತ. ಅದು ಮಂದಿ ಮಾತು ಅಂತ ಬಿಡತಿದ್ದೆ. ಇದು ಮಂದಿ ಅಲ್ಲ. ಇದು ತಲಿ ಒಳಗ ಹೊಕ್ಕ ನೋಡಿ ಹೇಳಾಕತ್ತೈತಿ."

ನಾನು ಏನೇನೋ ಸಮಾಧಾನ ಹೇಳಿದೆ. ಒಂದೂ ನಾಟಲಿಲ್ಲ. ತಲೆಯೊಳಗೆ ಇಳಿದು ನೋಡಿ ಬಂದವರ ಮುಂದೆ ಹೊರಗಿನವರ ಮಾತಿಗೆ ಯಾವ ಬೆಲೆ?

ಇನ್ನೂ ಕೆಟ್ಟದ್ದು ಆಮೇಲೆ ಆಯಿತು. ವಾರವೆಲ್ಲ ಶಾಲೆಯ ಕಂಪ್ಯೂಟರಿನಲ್ಲಿ ರೂಢಿ ಮಾಡಿಕೊಂಡು ಸಪ್ನಾ ಒಂದು ಶನಿವಾರ ಬಂದಿದ್ದಳು. ಮಕ್ಕಳ ಅಂಕ ಕೂಡಿಸುವ ಪ್ರೋಗ್ರಾಮು. ಶಾಂತವಾಗಿ ಒಂದೊಂದೇ ಸಾಲು ಬರೆಯುತ್ತಿದ್ದಳು. ಬೆವರಿಲ್ಲ, ನಡುಕವಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಪರದೆ ಕೆಂಪಾಯಿತು. 'ನಿಮಗೆ ತ್ರಾಸ ಆಗುತ್ತಿದೆ. ಸುಲಭದ್ದು ಮಾಡೋಣ.' ಬರೆದದ್ದೆಲ್ಲ ಹೋಗಿ, ಎಳೆ ಮಕ್ಕಳಿಗೆ ಕೊಡುವ ಮೊದಲ ಪಾಠ ಬಂತು: ನಿಮ್ಮ ಹೆಸರು ಬರೆಯಿರಿ. ಸಪ್ನಾ ಕೈ ಕಟ್ಟಿ ಕೂತಳು. ಹೆಸರನ್ನೂ ಬರೆಯಲಿಲ್ಲ.

ನಾನು ಗುರುಪಾದನನ್ನು ಹಿಡಿದು ಕೇಳಿದೆ. ಅವನು ಪಟ್ಟಿ ಬಿಚ್ಚಿ ನೋಡಿದ, ಬೇರೆ ಪಟ್ಟಿ ಕಟ್ಟಿದ, ತಂತಿ ಬದಲಿಸಿದ.

"ಪಟ್ಟಿ ಸರಿ ಐತ್ರಿ ಅಕ್ಕಾರ. ಅವರ ಸಿಗ್ನಲ್ ಚೊಲೋ ಬರಾಕತ್ತಾವು," ಅಂದ. ಸಿಗ್ನಲ್ ಚೊಲೋ ಬಂದರೆ ಹುಡುಗಿ ಯಾಕೆ ಸಾಯುತ್ತಿದ್ದಾಳೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಸತ್ಯಪ್ಪನ ದೆಸೆಯಿಂದ. ಅವಳ ಅಪ್ಪನಿಗೆ ಉಸಿರು ಹತ್ತಿ ಗೋಕಾಕದ ಆಸ್ಪತ್ರೆಗೆ ತಂದಿದ್ದರು. ರಾತ್ರಿಯೆಲ್ಲ ಅವನ ಹತ್ತಿರ ಕೂತ ಸಪ್ನಾ, ಬೆಳಿಗ್ಗೆ ಗುಡ್ಡವ್ವನನ್ನು ಕೂರಿಸಿ ಉಟ್ಟ ಸೀರೆಯಲ್ಲೇ ಪಾಠಕ್ಕೆ ಬಂದಳು. ಬರದಿದ್ದರೆ ಹಾಜರಿ ಹೋಗುತ್ತದೆ, ಹಾಜರಿ ಹೋದರೆ ಕೊನೆಯ ಮಟ್ಟವೂ ಹೋಯಿತು. ಪಾಠದ ಶುರುವಿಗೆ ಮಾತ್ರ ಯಂತ್ರ ಒಮ್ಮೆ ಹಳೆಯ ಪ್ರಶ್ನೆ ಕೇಳುತ್ತಿತ್ತು. 'ಆರಾಮ ಅದೀರಿ?' ಸಪ್ನಾಳ ಕಣ್ಣೀರು ಕೀಬೋರ್ಡಿನ ಮೇಲೆ ಬಿತ್ತು. ಅದನ್ನು ಸೆರಗಿನಿಂದ ಒರೆಸಿ, ಅದೇ ಬೆರಳಿನಿಂದ 'ಆರಾಮ' ಒತ್ತಿದಳು.

"ಏ ಹುಚ್ಚಿ, ಯಾಕ ಆರಾಮ ಒತ್ತಿದಿ?"

"ಕೇಳ್ತಲ್ಲ ಅಕ್ಕಾ."

"ಕೇಳಿದ್ರ?"

"ಯಾರರ ಆರಾಮ ಅದೀರಿ ಅಂದ್ರ ಮತ್ತೇನ ಅನ್ನೂದು? ಆರಾಮ ಅನ್ನೂದು."

ನಾನು ಅವಳ ಕಡೆ ಕುರ್ಚಿ ತಿರುಗಿಸಿದೆ. "ಮೊದಲಿಂದನೂ ಹಿಂಗಽ ಒತ್ತೀಯೇನು?"

"ಹೂಂ. ಎಲ್ಲಾ ಸಲ."

ನಮ್ಮ ಕಡೆ ಇದು ಪ್ರಶ್ನೆಯೇ ಅಲ್ಲ. ದಾರಿಯಲ್ಲಿ ಸಿಕ್ಕವರು ಆರಾಮ ಅನ್ನುತ್ತಾರೆ, ನಾವು ಆರಾಮ ಅನ್ನುತ್ತೇವೆ, ಅವರು ಮುಂದೆ ಹೋಗುತ್ತಾರೆ. ಹೆಣ ಎತ್ತಿಕೊಂಡು ಹೊರಟವರೂ ಹಾಗೇ ಅಂದಾರು. ಬಾಯಿಗೆ ರೂಢಿಯಾದ ಆ ಮಾತನ್ನು ಯಂತ್ರ ಖರೆ ಎಂದು ನಂಬಿತ್ತು. ಸಪ್ನಾ ಹೆದರಿ ನಡುಗಿದಾಗಲೆಲ್ಲ ಆರಾಮ ಒತ್ತಿದ್ದಳು. ಹಾಗಾಗಿ ಅವಳ ನಡುಕವೇ ಆರಾಮ ಎಂದು ಅದು ಕಲಿತಿತ್ತು. ಅವಳು ನಿಜಕ್ಕೂ ಆರಾಮ ಆದ ದಿನ, ಇದೇನೋ ಕಂಡರಿಯದ ಸ್ಥಿತಿ ಎಂದು ಗಾಬರಿಬಿದ್ದಿತ್ತು.

ಗುರುಪಾದನನ್ನು ಕರೆದು ಹೇಳಿದೆ. ಅವನ ಮುಖದ ಕಳೆ ಇಳಿದುಹೋಯಿತು.

"ಆ ಪ್ರಶ್ನೆ ನಾನಽ ಬರದಿದ್ದೆ," ಅಂದ. ಆಮೇಲೆ ಸಪ್ನಾಳ ಕಡೆ ತಿರುಗಿ, "ಮೇಡಮ್, ಖರೇನ ತ್ರಾಸ ಆದಾಗರ ತ್ರಾಸ ಒತ್ತಬಾರದೇನ್ರಿ?" ಎಂದು ಕೇಳಿದ.

ಸಪ್ನಾ ತಲೆ ಎತ್ತಿ ಅವನನ್ನು ನೋಡಿದಳು. ಅವಳ ದನಿಯಲ್ಲಿ ಅಷ್ಟು ಕಾವು ನಾನು ಕೇಳಿರಲಿಲ್ಲ.

"ಸರ್, ನಿಮ್ಮಂಥವರು ತ್ರಾಸ ಅಂದ್ರ ಪಾಪ ಅಂತಾರ. ನಮ್ಮಂಥವರು ತ್ರಾಸ ಅಂದ್ರ ಇವರಿಂದ ಆಗಂಗಿಲ್ಲ ಅಂತಾರ, ಬ್ಯಾರೇದವರನ್ನ ಕರಕೊಂಡ ಬರತಾರ. ನಮ್ಮವ್ವ ಸಣ್ಣಕಿದ್ದಾಗಿಂದ ಹೇಳ್ಯಾಳ, ಕೆಲಸದ ಜಾಗಾದಾಗ ತ್ರಾಸ ಅನ್ನೂ ಮಾತ ಬಾಯಾಗ ಬರಬಾರದು ಅಂತ."

ಗುರುಪಾದ ಒಳ್ಳೆಯ ಹುಡುಗ. ಅಂದೇ ಅವಳ ಹಳೆಯ ದಾಖಲೆ ಅಳಿಸಿ, ಪಾಠ ಮುಗಿದ ಮೇಲೆ ಒಬ್ಬಳನ್ನೇ ಕೂರಿಸಿ ಯಂತ್ರಕ್ಕೆ ಮೊದಲಿನಿಂದ ಕಲಿಸಿದ. ಪ್ರಶ್ನೆಯನ್ನೂ ಬದಲಿಸಿ, 'ಈ ಲೆಕ್ಕ ಹೆಂಗಿತ್ತು?' ಎಂದು ಬರೆದ. ಆದರೂ ಅವಳ ಬೆರಳು 'ತ್ರಾಸ'ದ ಗುಂಡಿಯ ಮೇಲೆ ಹೋಗಲೊಲ್ಲದು. ಇದು ಶಾಲೆಗೆ ಗೊತ್ತಾಗುವುದಿಲ್ಲ ಎಂದು ಅವನು ಆಣೆ ಮಾಡಿದ. ಕೊನೆಗೆ ಒತ್ತಿದಳು. ಒತ್ತಿದವಳು ತಟ್ಟನೆ ತಿರುಗಿ ಬಾಗಿಲ ಕಡೆ ನೋಡಿದಳು, ಯಾರಾದರೂ ಕಂಡರೇನೋ ಎಂಬ ಹಾಗೆ.

ಮರುದಿನ ಯಂತ್ರ ಅವಳ ಜೊತೆ ಮನುಷ್ಯರಂತೆ ನಡೆದುಕೊಂಡಿತು. ಎದೆ ಬಡಿತ ಏರಿದಾಗ ಸಣ್ಣ ಲೆಕ್ಕ ಕೊಟ್ಟಿತು, ಸುಳಿವು ಕೊಟ್ಟಿತು, ಇಳಿದಾಗ ಮುಂದೆ ಒಯ್ಯಿತು. ಅಂಕ ಕೂಡಿಸುವ ಪ್ರೋಗ್ರಾಮು ಓಡಿತು. ಪಾಸಾದ ಮಕ್ಕಳ ಹೆಸರು ಒಂದರ ಕೆಳಗೊಂದು ಪರದೆಯ ಮೇಲೆ ಇಳಿದವು. ಸಪ್ನಾ ಅವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಆಸ್ಪತ್ರೆಯಲ್ಲಿ ಸತ್ಯಪ್ಪನೂ ಎದ್ದು ಕೂತು ಗಂಜಿ ಕುಡಿದಿದ್ದ. ನಾನು ಸಪ್ನಾಳಿಗೂ ಗುರುಪಾದನಿಗೂ ಚಾ ತರಿಸಿದೆ. ಇನ್ನು ಕೆಲವೇ ಪಾಠ, ಅಷ್ಟರಲ್ಲಿ ಕೊನೆಯ ಮಟ್ಟ ಮುಟ್ಟುತ್ತಾಳೆ ಎಂದು ಗುರುಪಾದ ಲೆಕ್ಕ ಹಾಕಿದ.

ಆದರೆ ಯಂತ್ರದ ವರದಿ ಶಾಲೆಗಳಿಗೆ ಹೋಗುವುದು ತಾನೇತಾನಾಗಿ, ಸಪ್ನಾಳದು ಹಿಂದಿನ ವಾರವೇ ಹೋಗಿಬಿಟ್ಟಿತ್ತು. ಸಪ್ನಾ ಮೊದಲ ಮಟ್ಟದಲ್ಲೇ ನಿಂತಿದ್ದಾಳೆ, ಪೂರ್ತಿ ಆರಾಮದಲ್ಲಿದ್ದೂ ಕಲಿಯಲಾರಳು ಎಂದು ಅದರಲ್ಲಿತ್ತು. ಅದನ್ನು ನೋಡಿ ಕಂಪ್ಯೂಟರ್ ಕೋಣೆಗೆ ಬೇರೆಯವರನ್ನು ತರುತ್ತಿದ್ದಾರೆಂದು ಸೋಮವಾರ ಶಾಲೆಗೆ ಹೋದಾಗ ಅವಳಿಗೆ ಗೊತ್ತಾಯಿತು. ಗುರುಪಾದ ಯಲ್ಲಪ್ಪನವರಿಗೆ ಫೋನು ಮಾಡಿ ತಪ್ಪು ತನ್ನದೆಂದು ಹೇಳಿದ. ಬರ್ರಿ, ಮಾತಾಡೋಣ ಅಂದರಂತೆ. ಸಪ್ನಾಳ ಜೊತೆಗೆ ನಾನು ಹೊರಟೆ. ಇವಳೊಬ್ಬಳನ್ನೇ ಕಳಿಸಿದರೆ ಬಾಯಿ ಬಿಡುವುದಿಲ್ಲವೆಂದು ಗೊತ್ತಿತ್ತು.

ಯಲ್ಲಪ್ಪನವರದು ಮೂಡಲಗಿಯಲ್ಲಿ ಬೀಜ ಗೊಬ್ಬರದ ಅಂಗಡಿ. ಕೆಟ್ಟ ಮನುಷ್ಯರಲ್ಲ. ನಮ್ಮನ್ನು ಕಂಡು ಎದ್ದು ನಿಂತರು.

"ಬರ್ರಿ ಟೀಚರ್, ಬರ್ರಿ. ಆರಾಮ?"

"ಆರಾಮ್ರಿ ಸರ್," ಅಂದಳು ಸಪ್ನಾ.

ಕುರ್ಚಿ ಹಾಕಿಸಿದರು, ಚಾ ಹೇಳಿದರು. ನಾನು ಇದ್ದದ್ದನ್ನೆಲ್ಲ ಬಿಡಿಸಿ ಹೇಳಿದೆ. ತಾಳ್ಮೆಯಿಂದ ಕೇಳಿದರು. ಆಮೇಲೆ ನಿಧಾನವಾಗಿ ಸಪ್ನಾಳನ್ನು ಕೇಳಿದರು.

"ಅಂದ್ರ ತಪ್ಪ ಗುಂಡಿ ಒತ್ತಿದವರು ನೀವಽ. ಯಂತ್ರಕ್ಕ ಸುಳ್ಳ ಹೇಳಿದಂಗ ಆತಲ್ಲ ಟೀಚರ್?"

ಸಪ್ನಾ ತಲೆ ತಗ್ಗಿಸಿದಳು. ನನಗೆ ತಡೆಯಲಾಗಲಿಲ್ಲ.

"ಸರ್, ಈಗ ಬಾಗಲದಾಗ ನೀವು ಆರಾಮ ಅಂದ್ರಿ, ಆಕಿ ಆರಾಮ ಅಂದ್ಳು. ಕೈಯಾಗಿನ ಕೆಲಸ ಹೊಂಟ ಹೆಣ್ಮಗಳು ಆರಾಮ ಇರತಾಳೇನ್ರಿ? ಅದು ಸುಳ್ಳೇನು?"

"ಅದು ಬ್ಯಾರೇರಿ ಅಕ್ಕಾರ. ಅದು ಬರೇ ಮಾತು."

"ಅದನ್ನಽ ನಾ ಹೇಳಾಕತ್ತೇನ್ರಿ!"

ಯಲ್ಲಪ್ಪನವರಿಗೆ ಅರ್ಥವಾಯಿತು, ಅದು ಮುಖದಲ್ಲೇ ಕಂಡಿತು. ಅರ್ಥವಾದ ಮೇಲೂ ಆಗುವುದು ಏನೂ ಉಳಿದಿರಲಿಲ್ಲ.

"ನಿಮ್ಮ ಮಾತ ಖರೆ ಇರಬಹುದ್ರಿ. ಆದ್ರ ದಾಕ್ಷಾಯಿಣಿ ಅಂತ ಒಬ್ಬರಿಗೆ ಆರ್ಡರ್ ಕೊಟ್ಟೀವಿ. ಕಮೀಟಿ ಒಪ್ಪೈತಿ. ಕೊಟ್ಟ ಮಾತ ಹೆಂಗ ಹಿಂದ ತಗೊಳ್ಳೂದು?" ಅಂದರು. ಆಮೇಲೆ ಉಪಕಾರ ಮಾಡುವವರ ದನಿಯಲ್ಲಿ, "ಟೀಚರ್, ನಿಮ್ಮನ್ನ ಬಿಡಂಗಿಲ್ಲ. ಸಣ್ಣ ಮಕ್ಕಳನ್ನ ನೋಡಕೊಳ್ಳಾಕ ಒಬ್ಬರು ಬೇಕಾಗ್ಯಾರ. ಊಟ ಮಾಡಸೂದು, ಮಲಗಸೂದು. ನಡೀತೈತಲ್ಲ? ಏನೂ ತ್ರಾಸ ಇಲ್ಲಲ್ಲ?"

"ಇಲ್ರಿ ಸರ್," ಅಂದಳು.

ನಾನು ಅವಳ ತೊಡೆ ಚಿವುಟಿದೆ. ಅವಳು ತಿರುಗಿ ನೋಡಲಿಲ್ಲ. ಚಾ ಕುಡಿದು ಕಪ್ಪನ್ನು ಬಸಿಯ ಮೇಲೆ ಸದ್ದಾಗದಂತೆ ಇಟ್ಟು ಎದ್ದಳು. ನಮಸ್ಕಾರ ಹೇಳಿದಳು.

ಹೊರಗೆ ಬಿಸಿಲು. ಅಂಗಡಿಯಿಂದ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳು ನಿಂತಳು. ಯಾರದೋ ಮನೆಯ ಮುಂದಿನ ಕಟ್ಟೆಗೆ ಹೋಗಿ ಕೂತಳು. ನಾನು ಬಾಜೂ ಕೂತು ಅವಳ ಮುಂಗೈ ಹಿಡಿದುಕೊಂಡೆ. ನಾಡಿ ನನ್ನ ಹೆಬ್ಬೆರಳಿಗೆ ಒದೆಯುತ್ತಿತ್ತು, ಅಂಗೈ ಪೂರ್ತಿ ಬೆವರು.

"ಅಕ್ಕಾ," ಅಂದಳು. ಮತ್ತೆ ಅಂದಳು. "ಅಕ್ಕಾ, ನನಗ ಭಾಳ ತ್ರಾಸ ಆಗೇತ್ರಿ. ತಡಕೊಳ್ಳಾಕ ಆಗವಲ್ದು."

ಬಹುಶಃ ಹುಟ್ಟಿದಾಗಿನಿಂದ ಮನೆಯ ಹೊರಗೆ ಯಾರ ಮುಂದೆಯೂ ಆಡದ ಮಾತು. ನನ್ನ ಮುಂದೆ ಆಡಿದಳು. ಅದಕ್ಕೆ ಏನು ಹೇಳಬೇಕೆಂದು ನನಗೂ ಯಾರೂ ಕಲಿಸಿರಲಿಲ್ಲ. ಊರಿಗೆಲ್ಲ ಬಾಯಿ ಮಾಡುವ ರಾಜೇಶ್ವರಿ ಟೀಚರ್ ಬಾಯಿ ತೆರೆದಳು, ಮತ್ತು ರೂಢಿಯಾದದ್ದೇ ಬಂತು.

"ಇರಲಿ ತಗೋ ತಂಗಿ, ಎಲ್ಲಾ ಆರಾಮ ಆಗತೈತಿ."

ಸಪ್ನಾ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ತನ್ನ ಕೈ ಬಿಡಿಸಿಕೊಂಡಳು.